ಮಗ್ಗದ ಮನೆಯ ತುಟಿಮಾತು

ದೊಡ್ಡಬಳ್ಳಾಪುರದ ಮಗ್ಗದ ಕೇರಿಗಳಲ್ಲಿ ಮಾತನ್ನು ಕಿವಿಯಿಂದ ಕೇಳುವುದಿಲ್ಲ, ಕಣ್ಣಿನಿಂದ ನೋಡುತ್ತಾರೆ. ನಂಬಿಕೆ ಇಲ್ಲದಿದ್ದರೆ ಮುನಿರತ್ನಮ್ಮನ ಮನೆಗೆ ಹೋಗಿ ನೋಡಿ. ಮುಂದೆ ಎರಡು ಕೋಣೆ, ಹಿಂದೆ ಶೀಟು ಹೊದೆಸಿದ ಮಗ್ಗದ ಮನೆ, ಅದರೊಳಗೆ ಕರೆಂಟಿನಲ್ಲಿ ಓಡುವ ಎರಡು ಸೀರೆ ಮಗ್ಗ. ಎರಡೂ ಒಟ್ಟಿಗೆ ಓಡುತ್ತಿದ್ದರೆ ಪಕ್ಕದಲ್ಲಿ ಆನೆ ಘೀಳಿಟ್ಟರೂ ಗೊತ್ತಾಗುವುದಿಲ್ಲ. ಆ ಸದ್ದಿನಲ್ಲಿ ಅರಚಿ ಗಂಟಲು ಹರಿದುಕೊಳ್ಳುವವರು ಹೊಸಬರು. ಹಳಬರು ದನಿಯನ್ನೇ ಹೊರಡಿಸುವುದಿಲ್ಲ, ಬರೀ ತುಟಿ ಆಡಿಸುತ್ತಾರೆ. ‘ಅನ್ನಕ್ಕಿಟ್ಯಾ?’ ಅಂತ ಈ ಮಗ್ಗದ ತುಟಿ ಕೇಳಿದರೆ, ‘ಹೂಂ, ಸಾರು ನಿನ್ನೇದೇ ಇದೆ’ ಅಂತ ಆ ಮಗ್ಗದ ತುಟಿ ಹೇಳುತ್ತದೆ. ಅತ್ತೆ ಸೊಸೆ ಜಗಳ ಆಡುವುದೂ ಹೀಗೆಯೇ. ಬೀದಿಯವರಿಗೆ ಒಂದು ಪದವೂ ಸಿಗುವುದಿಲ್ಲ, ಅದೊಂದು ಅನುಕೂಲ.

ಮುನಿರತ್ನಮ್ಮ ಇದರಲ್ಲಿ ಹುಟ್ಟಿದವಳಲ್ಲ. ತವರು ಆವತಿಯ ಹತ್ತಿರದ ಹಳ್ಳಿ, ರಾಗಿ ಬೆಳೆಯುವ ಮನೆತನ. ಅಲ್ಲಿ ಒಬ್ಬರು ಕೂಗಿದರೆ ಮೂರು ಹೊಲದಾಚೆಗೆ ಕೇಳುತ್ತಿತ್ತು. ಗೋವಿಂದರಾಜುವನ್ನು ಮದುವೆಯಾಗಿ ಬಂದ ಮೊದಲ ವಾರ ಅತ್ತೆ ಪಿಳ್ಳಮ್ಮ ಎದುರಿಗೆ ನಿಂತು ಬಾಯಿ ಆಡಿಸಿದರೆ, ‘ಅಯ್ಯೋ, ಪಾಪ, ಮೂಗಿ ಇರಬೇಕು’ ಅಂದುಕೊಂಡಿದ್ದಳಂತೆ. ಆಮೇಲೆ ಕಲಿತಳು. ಎಳೆ ಕಿತ್ತರೆ ಗಂಟು ಹಾಕುವುದು, ಲಾಳಿಗೆ ನೂಲು ತುಂಬುವುದು, ತುಟಿ ಓದುವುದು, ಎಲ್ಲವನ್ನೂ. ಗಂಡ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಾನೆ, ಹೊತ್ತು ಗೊತ್ತಿಲ್ಲದ ಕೆಲಸ. ಮಗ್ಗ ಪೂರ್ತಿ ಅವಳದೇ.

ಮಗಳು ಅಕ್ಷತ ಹುಟ್ಟಿ ಬಾಣಂತನ ಮುಗಿಸಿ ಬಂದಾಗ ತೊಟ್ಟಿಲು ಎಲ್ಲಿ ಕಟ್ಟುವುದು ಅನ್ನುವ ಮಾತು ಬಂತು. ಮಾತೇನು ಬಂತು, ಈ ಕೇರಿಯಲ್ಲಿ ಎಲ್ಲರೂ ಕಟ್ಟುವ ಜಾಗದಲ್ಲೇ ಕಟ್ಟಿದರು. ಎರಡು ಮಗ್ಗದ ನಡುವೆ, ತೊಲೆಗೆ ಹಳೇ ಸೀರೆ ಇಳಿಬಿಟ್ಟು. ಅಲ್ಲಿದ್ದರೆ ಕಿತ್ತ ಎಳೆಯೂ ಕಾಣುತ್ತದೆ, ಮಗುವೂ ಕಾಣುತ್ತದೆ. ಮಗು ಆ ಸದ್ದಿಗೆ ಕಲ್ಲಿನ ಹಾಗೆ ನಿದ್ದೆ ಮಾಡುತ್ತಿತ್ತು. ಕರೆಂಟು ಹೋಗಿ ಮಗ್ಗ ನಿಂತಿತೋ, ಕಿಟಾರನೆ ಕಿರುಚಿ ಏಳುತ್ತಿತ್ತು! ಬಂದವರಿಗೆಲ್ಲ ಮುನಿರತ್ನಮ್ಮ ಇದನ್ನು ಹೇಳಿದ್ದೇ ಹೇಳಿದ್ದು. “ನನ್ ಮಗ್ಳು ಬಂಗಾರ ಕಣ್ರೀ. ಜೋಗುಳ ಬೇಕಿಲ್ಲ, ಮಗ್ಗ ಹಾಕಿದ್ರೆ ಸಾಕು.” ಹದಿನೆಂಟು ವರ್ಷ ಈ ಮಾತನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದಳು.

ಹೋದ ವರ್ಷ ಅಜ್ಜಿ ಪಿಳ್ಳಮ್ಮ ಉಬ್ಬಸ ಹೆಚ್ಚಾಗಿ ಆಸ್ಪತ್ರೆ ಸೇರಿದ್ದಳು. ಅಲ್ಲಿ ತಿಳಿನೀಲಿ ಕೋಟು ಹಾಕಿದ ಒಬ್ಬ ಹುಡುಗಿ ಬಂದು ಬಿಪಿ ನೋಡುತ್ತಿದ್ದಳು, ಡಾಕ್ಟರು ಬರುವಷ್ಟರಲ್ಲಿ ಎಲ್ಲ ಹೊಂದಿಸಿ ಇಡುತ್ತಿದ್ದಳು, ಅಜ್ಜಿಯ ತಲೆ ಸವರುತ್ತಿದ್ದಳು. ಅಜ್ಜಿ ಹುಷಾರಾಗಿ ಮನೆಗೆ ಬಂದಳು. ಅಕ್ಷತಳ ತಲೆಯೊಳಗೆ ಮಾತ್ರ ಆ ನೀಲಿ ಕೋಟು ಕೂತುಬಿಟ್ಟಿತು. ಪಿಯುಸಿ ಸೈನ್ಸು ಪಾಸಾದ ದಿನವೇ ಹೇಳಿದಳು, “ಅಮ್ಮ, ನಾನು ಮೆಡಿಕಲ್ ಅಸಿಸ್ಟೆಂಟ್ ಕೋರ್ಸಿಗೇ ಹೋಗೋದು. ಬೇರೇದು ಬೇಡ.”

ದೇವನಹಳ್ಳಿ ರಸ್ತೆಯ ಕಾಲೇಜಿಗೆ ತಾಯಿ ಮಗಳು ಹೋದರು. ಕೌಂಟರಿನಲ್ಲಿ ಪ್ರಿಯಾಂಕ ಅಂತ ಒಬ್ಬ ಹುಡುಗಿ, ಬೆಳಗ್ಗೆಯಿಂದ ನೂರು ಜನಕ್ಕೆ ಹೇಳಿದ್ದನ್ನೇ ಇವರಿಗೂ ಒಪ್ಪಿಸಿದಳು. “ಪಿಯುಸಿ ಪಾಸಾಗಿರ್ಬೇಕು. ಮಾರ್ಕ್ಸ್ ಕಾರ್ಡು, ಟಿಸಿ, ಜಾತಿ ಆದಾಯ, ಆಧಾರು, ಎಲ್ಲಾ ಒರಿಜಿನಲ್ಲೇ ತರ್ಬೇಕು ಆಂಟಿ, ಜೆರಾಕ್ಸ್ ನಡೆಯಲ್ಲ. ಕಾಮಾಲೆ ಬರ್ದಂಗೆ ಹಾಕೋ ಇಂಜೆಕ್ಷನ್ ಮೊದಲ್ನೇದು ಹಾಕಿಸ್ಕೊಂಡು ಬನ್ನಿ, ರಕ್ತ ಮುಟ್ಟೋ ಕೆಲ್ಸ ಅಲ್ವಾ? ಕೊನೇಗೆ ನಮ್ ಡಾಕ್ಟ್ರ ಹತ್ರ ಫಿಟ್‌ನೆಸ್. ಕಣ್ಣು, ಕಿವಿ ನೋಡ್ತಾರೆ. ಅವ್ರು ಸೈನ್ ಹಾಕಿದ್ರೆ ಸೀಟು ನಿಮ್ದು. ಇಲ್ಲಾಂದ್ರೆ ವೇಟಿಂಗಲ್ಲಿರೋರಿಗೆ ಹೋಗುತ್ತೆ.”

“ಕಿವಿ ಯಾಕಮ್ಮ ನೋಡೋದು?” ಅಂದಳು ಮುನಿರತ್ನಮ್ಮ.

“ರೋಗಿ ನರಳಿದ್ದು ಕೇಳಿಸ್ಬೇಕಲ್ಲ ಆಂಟಿ! ಮಿಷನ್ನು ಬೀಪ್ ಅಂದ್ರೆ ಓಡ್ಬೇಕಲ್ಲ!” ಅಂತ ಪ್ರಿಯಾಂಕ ನಕ್ಕು ಕಂಪ್ಯೂಟರಿನ ಕಡೆ ತಿರುಗಿ ಇನ್ನೇನೋ ಹೇಳಿದಳು. ಅಕ್ಷತ ಅಮ್ಮನ ಮೊಣಕೈ ಮುಟ್ಟಿ ‘ಏನಂದ್ಲು?’ ಅಂತ ತುಟಿ ಆಡಿಸಿದಳು. ಮುನಿರತ್ನಮ್ಮನಿಗೂ ಸರಿಯಾಗಿ ಗೊತ್ತಾಗಿರಲಿಲ್ಲ, ಮತ್ತೆ ಕೇಳಿ ಹೇಳಿದಳು. ಇದು ಈ ಮನೆಯಲ್ಲಿ ದಿನಾ ನಡೆಯುವ ಸಂಗತಿ. ಕರೆದರೆ ಹುಡುಗಿ ಓಗೊಡುವುದಿಲ್ಲ ಅಂದರೆ ‘ಫೋನಲ್ಲಿ ಮುಳುಗಿದಾಳೆ’, ಟಿವಿ ಜೋರಾಗಿಟ್ಟರೆ ‘ಮಗ್ಗದ ಮನೆಯಲ್ಲಿ ಇನ್ನೇನು ಮೆಲ್ಲಗೆ ಇಡ್ತಾರೆ’. ಎಲ್ಲರೂ ತುಟಿಯಲ್ಲೇ ಮಾತಾಡುವ ಮನೆಯಲ್ಲಿ ಒಬ್ಬಳಿಗೆ ಕೇಳಿಸುವುದಿಲ್ಲ ಅಂತ ಯಾರಿಗೆ ಹೊಳೆಯಬೇಕು ಹೇಳಿ?

ಫಿಟ್‌ನೆಸ್ ದಿನ ಬಂತು. ಡಾಕ್ಟರ್ ಆದಿನಾರಾಯಣಪ್ಪ ಸರ್ಕಾರಿ ಕೆಲಸದಿಂದ ನಿವೃತ್ತರಾದ ಹಿರಿಯರು. ಎಲೆ ಅಡಿಕೆ ಹಾಕಿ ಹಾಕಿ ತುಟಿ ಕೆಂಪಗಾಗಿತ್ತು, ಮಾತು ನಿಧಾನ. ಕಣ್ಣಿನ ಪರೀಕ್ಷೆ ಚೆನ್ನಾಗಿಯೇ ಆಯಿತು. ಆಮೇಲೆ ಅಕ್ಷತಳನ್ನು ಸ್ಟೂಲಿನ ಮೇಲೆ ಕೂರಿಸಿ, ತಾವು ಅವಳ ಬೆನ್ನ ಹಿಂದೆ ಗೋಡೆಯ ತನಕ ಹೋಗಿ ನಿಂತರು. “ನಾನು ಮೆಲ್ಲಗೆ ಒಂದೊಂದು ಮಾತು ಹೇಳ್ತೀನಿ, ತಿರುಗಿ ನೋಡ್ದೆ ಅದನ್ನೇ ಹೇಳಮ್ಮ.” ಮುನಿರತ್ನಮ್ಮ ಬಾಗಿಲ ಪಕ್ಕದ ಬೆಂಚಿನಲ್ಲಿ, ಮಗಳಿಗೆ ಎದುರಾಗಿ ಕೂತಿದ್ದಳು.

ಡಾಕ್ಟರು ಏನೋ ಹೇಳಿದರು. ಅಕ್ಷತ ಸುಮ್ಮನೆ ಕೂತಿದ್ದಳು. ಇನ್ನೊಮ್ಮೆ ಹೇಳಿದರು. ಅವಳ ಮುಖದಲ್ಲಿ ಏನೂ ಇಲ್ಲ. ಕರೆದದ್ದೇ ಗೊತ್ತಿಲ್ಲದವಳ ಮುಖ. ಮಗಳ ಕಣ್ಣು ಮೆಲ್ಲಗೆ ಬಂದು ಅಮ್ಮನ ಬಾಯಿಯ ಮೇಲೆ ನಿಂತಿತು. ಅಷ್ಟೇ. ಯೋಚನೆ ಮಾಡಲು ಪುರುಸೊತ್ತಾದರೂ ಎಲ್ಲಿತ್ತು! ‘ಹೊಸಕೋಟೆ’ ಅಂತ ಅವಳ ತುಟಿ ತಾನೇ ಆಡಿಬಿಟ್ಟಿತು.

“ಹೊಸಕೋಟೆ” ಅಂದಳು ಅಕ್ಷತ.

ಮೂವತ್ತೇಳು. ನೇರಳೆಹಣ್ಣು. ನೆಲಮಂಗಲ. ಅವರು ಹೇಳುವುದು, ಇವಳ ತುಟಿ ಆಡುವುದು, ಮಗಳು ಗಟ್ಟಿಯಾಗಿ ಒಪ್ಪಿಸುವುದು. ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.

“ಏನಮ್ಮ, ಜಪ ಮಾಡ್ತಿದೀರಾ?”

“ಹೂಂ ಸ್ವಾಮಿ” ಅಂದಳು ಮುನಿರತ್ನಮ್ಮ. “ಮುನೇಶ್ವರನ ಹೆಸರು ಹೇಳ್ಕೋತಿದೀನಿ.”

“ಒಳ್ಳೇದು. ದೇವ್ರು ಒಳ್ಳೇದು ಮಾಡ್ಲಿ” ಅಂತ ಸಹಿ ಹಾಕಿದರು.

ಹೊರಗೆ ಬಂದು ಬಸ್ಸಿಗೆ ಕಾಯುತ್ತಾ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮನೆ ಸೇರುವ ಹೊತ್ತಿಗೆ ಮಾತ್ರ ಅಕ್ಷತ ನಗುತ್ತಿದ್ದಳು, ನೀಲಿ ಕೋಟು ಹೊಲಿಸಬೇಕು ಅನ್ನುತ್ತಿದ್ದಳು. ಗೋವಿಂದರಾಜುವಂತೂ ಟ್ಯಾಕ್ಸಿ ಸ್ಟ್ಯಾಂಡಿನಲ್ಲೆಲ್ಲ ಮೈಸೂರುಪಾಕು ಹಂಚಿದ. “ನಮ್ ವಂಶದಲ್ಲೇ ಮೊದಲ್ನೇದು ಗುರು, ಆಸ್ಪತ್ರೆ ಕೆಲ್ಸ!” ಅವನಿಗೆ ಏನೂ ಗೊತ್ತಿಲ್ಲ. ಗೊತ್ತಿದ್ದವಳು ಬಾಯಿಗೆ ಹಾಕಿಕೊಂಡ ಮೈಸೂರುಪಾಕನ್ನು ನುಂಗಲಾರದೆ ಹಿತ್ತಿಲಿಗೆ ಹೋಗಿ ಉಗಿದು ಬಂದಳು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗಾಯಿತು ಅವಳ ಪಾಡು. ಪಕ್ಕದ ಮನೆ ಮಮತ ಬಂದು “ಮಗ್ಳಿಗೆ ಸೀಟು ಸಿಕ್ತಂತಲ್ಲ ರತ್ನಕ್ಕಾ” ಅಂದರೆ ಇವಳಿಗೆ ಚುಚ್ಚಿದ ಹಾಗೆ ಕೇಳುತ್ತಿತ್ತು. ಸಂಜೆ ದೀಪ ಹಚ್ಚಿ ದೇವರ ಮುಂದೆ ಕೈಮುಗಿದರೆ ತುಟಿ ಏಳುತ್ತಿರಲಿಲ್ಲ. ಆವತ್ತು ಮುನೇಶ್ವರನ ಹೆಸರಿನಲ್ಲೇ ಸುಳ್ಳು ಹೇಳಿದ ತುಟಿ ಅಲ್ಲವೇ? ಈಗ ಯಾವ ಮುಖ ಇಟ್ಟುಕೊಂಡು ಅವನನ್ನು ಕರೆಯುವುದು? ಸುಮ್ಮನೆ ಬತ್ತಿ ಸರಿಮಾಡಿ ಎದ್ದು ಬರುತ್ತಿದ್ದಳು. ‘ಏನಾಯ್ತು ಈಗ? ಒಂದು ಕಿವಿ ಪರೀಕ್ಷೆ. ದಿನಾ ಮನೇಲಿ ಕೆಲ್ಸ ಮಾಡ್ಕೊಂಡಿಲ್ವಾ? ಹುಡುಗಿಗೆ ಏನು ಕಮ್ಮಿ?’ ಅಂತ ತನಗೆ ತಾನೇ ವಕೀಲಿಕೆ ಮಾಡಿಕೊಂಡಳು. ವಕೀಲಿಕೆ ಗೆಲ್ಲಲಿಲ್ಲ.

ಕಾಲೇಜು ಶುರುವಾಗಲು ಇನ್ನೂ ದಿನ ಇತ್ತು. ಗೋವಿಂದರಾಜುವಿಗೆ ಜ್ವರ ಬಂತು. ಅಕ್ಷತಳಿಗೋ ಸಡಗರ, ಮೊದಲನೇ ರೋಗಿ! ಅಪ್ಪನನ್ನು ಚಾಪೆಯ ಮೇಲೆ ಮಲಗಿಸಿ, ಹೊಸ ಥರ್ಮಾಮೀಟರನ್ನು ಕಂಕುಳಲ್ಲಿಟ್ಟು, “ಅಲ್ಲಾಡ್ಬೇಡಪ್ಪಾ, ಆದ್ಮೇಲೆ ಅದೇ ಕೂಗುತ್ತೆ” ಅಂದಳು. ಕರೆಂಟು ಇರಲಿಲ್ಲ, ಮಗ್ಗ ನಿಂತಿತ್ತು, ಮನೆಯೆಲ್ಲ ನಿಶ್ಶಬ್ದ. ಮುನಿರತ್ನಮ್ಮ ತಣ್ಣೀರು ಬಟ್ಟೆ ಹಿಂಡಿಕೊಂಡು ಪಕ್ಕದಲ್ಲಿ ಕೂತಳು. ಮೂವರೂ ಕಾದರು. ಕಾದೇ ಕಾದರು.

“ಯಾಕಮ್ಮಾ, ತೆಗಿಯಲ್ವಾ?” ಅಂದ ಗೋವಿಂದರಾಜು ಕೊನೆಗೆ.

“ಕೂಗ್ಲಿ ಇರಪ್ಪಾ.”

“ಆಗ್ಲೇ ಕೂಗ್ತಲ್ಲೇ! ಬೀಪ್ ಬೀಪ್ ಅಂತ ಬಡ್ಕೊಂಡು ಸುಮ್ಮನಾಯ್ತು. ನೀವಿಬ್ರೂ ನನ್ನೇ ನೋಡ್ತಾ ಕೂತಿದೀರಿ, ಇನ್ನೂ ಏನೋ ಇದೆ ಅನ್ಕೊಂಡೆ.”

ಅಕ್ಷತ ಅಮ್ಮನ ಮುಖ ನೋಡಿದಳು. ಅಮ್ಮ ಮಗಳ ಮುಖ ನೋಡಿದಳು. ಮಗಳಿಗೆ ಕೇಳಿಸಿರಲಿಲ್ಲ, ಅದು ಗೊತ್ತಿದ್ದದ್ದೇ. ಆದರೆ ಮುನಿರತ್ನಮ್ಮನಿಗೂ ಕೇಳಿಸಿರಲಿಲ್ಲ! ಆಗ ಅವಳಿಗೆ ಫಿಟ್‌ನೆಸ್ ದಿನದ ಆ ಕೋಣೆ ಕಣ್ಣ ಮುಂದೆ ಬಂತು. ಡಾಕ್ಟರು ‘ಹೊಸಕೋಟೆ’ ಅಂದದ್ದು ಅವಳ ಕಿವಿಗೆ ಬಿದ್ದೇ ಇರಲಿಲ್ಲ. ಆ ಕೆಂಪು ತುಟಿ ಓದಿ ಹೇಳಿದ್ದಳು. ಕಿವಿಯಿಲ್ಲದವಳು ಕಿವಿಯಿಲ್ಲದವಳಿಗೆ ಹೇಳಿಕೊಟ್ಟು ಪಾಸು ಮಾಡಿಸಿದ್ದಳು.

ಗಂಡ ಮಲಗಿದ ಮೇಲೆ ಮಗಳನ್ನು ಮಗ್ಗದ ಮನೆಗೆ ಕರೆದಳು. “ಅಕ್ಷತಾ, ಹೋಗಿ ಡಾಕ್ಟ್ರಿಗೆ ಹೇಳ್ಬಿಡಾಣ ಕಣೇ.”

“ಏನ್ ಹೇಳೋದು? ಹುಚ್ಚಾ ನಿಂಗೆ?” ಅಕ್ಷತಳ ಕಣ್ಣು ತುಂಬಿತು. “ಸೀಟು ಕಿತ್ಕೋತಾರೆ. ನಾನೇನು ಕೇಳಿದ್ನಾ ಹೇಳ್ಕೊಡು ಅಂತ? ನೀನೇ ಹೇಳ್ಕೊಟ್ಟೆ, ಈಗ ನೀನೇ ಹಾಳ್ಮಾಡ್ತೀಯಾ?”

“ನಿಮ್ಮಜ್ಜಿ ಆಸ್ಪತ್ರೇಲಿದ್ದಾಗ ಒಂದಿನ ಮಿಷನ್ನು ಕೂಗ್ಕೊಂಡು, ಆ ನೀಲಿ ಕೋಟಿನ ಹುಡುಗಿ ಓಡಿ ಬಂದಿದ್ಲಲ್ಲ, ನೆನಪಿದ್ಯಾ? ನಾನು ಪಕ್ಕದಲ್ಲೇ ಇದ್ದೆ. ನಂಗೆ ಗೊತ್ತೇ ಆಗ್ಲಿಲ್ಲ. ಆ ಹುಡುಗೀಗೆ ಕೇಳಿಸ್ತು, ಅಜ್ಜಿ ಉಳೀತು.” ಮುನಿರತ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಆ ಜಾಗದಲ್ಲಿ ನೀನಿದ್ದಿದ್ರೆ?”

ಅಕ್ಷತ ಬೆನ್ನು ತಿರುಗಿಸಿ ಕೂತಳು. ಈ ಮನೆಯಲ್ಲಿ ಬೆನ್ನು ತಿರುಗಿಸುವುದೆಂದರೆ ಮಾತು ಬಿಟ್ಟ ಹಾಗೆಯೇ. ತುಟಿ ಕಾಣದಿದ್ದರೆ ಇನ್ನೇನು ಮಾತು? ಆದರೂ ಬೆಳಗ್ಗೆ ತಲೆ ಬಾಚಿಕೊಂಡು, ಮುಖ ಊದಿಸಿಕೊಂಡು, ಅಮ್ಮನ ಹಿಂದೆ ಬಸ್ಸು ಹತ್ತಿದಳು.

ಡಾಕ್ಟರ್ ಆದಿನಾರಾಯಣಪ್ಪ ಇವರನ್ನು ಗುರುತು ಹಿಡಿದರು. “ಏನಮ್ಮ, ಜಪದೋರು ಬಂದ್ರಾ? ಎಲ್ಲಾ ಮುಗೀತಲ್ಲ?”

ಮುನಿರತ್ನಮ್ಮ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಹಾರಿಹೋಯಿತು. ನಿಂತಲ್ಲೇ ಕೈಮುಗಿದಳು. “ಆವತ್ತು ನಾನು ಜಪ ಮಾಡ್ಲಿಲ್ಲ ಸ್ವಾಮಿ.”

ಹೇಳಿದಳು. ಮಗ್ಗ, ತುಟಿಮಾತು, ಹೊಸಕೋಟೆ, ಥರ್ಮಾಮೀಟರು, ಒಂದೂ ಬಿಡಲಿಲ್ಲ. “ತಪ್ಪು ನಂದು. ಮಗೂದಲ್ಲ. ಅವ್ಳು ನನ್ ಕೇಳ್ಲಿಲ್ಲ, ನಾನೇ ಬಾಯಾಡಿಸ್ದೆ.” ಡಾಕ್ಟರ ಮುಖ ಬಿಗಿಯಾಯಿತು. ಕೋಪ ಬಂದಿತ್ತು, ಬರಬೇಕಾದ್ದೇ. “ನನ್ನ ಸಹಿ ಕಣಮ್ಮ ಅದು! ನಂಬ್ಕೊಂಡು ಹಾಕಿದ ಸಹಿ. ನಾಳೆ ವಾರ್ಡಲ್ಲಿ ಯಾರಿಗಾದ್ರೂ ಹೆಚ್ಚುಕಮ್ಮಿ ಆಗಿದ್ರೆ ನೀವು ಬಂದು ಅಳ್ತಿದ್ರಾ?” ಮುನಿರತ್ನಮ್ಮ ತಲೆ ಬಗ್ಗಿಸಿ ನಿಂತಳು. ಬೈದದ್ದು ಪೂರ್ತಿ ಕೇಳಿಸಲಿಲ್ಲ. ಆದರೆ ತಲೆ ಎತ್ತಿ ತುಟಿ ನೋಡುವ ಧೈರ್ಯವೂ ಇರಲಿಲ್ಲ.

ಬೈದು ಮುಗಿಸಿ ನೀರು ಕುಡಿದು ಡಾಕ್ಟರು ಅಕ್ಷತಳನ್ನು ಎದುರಿಗೆ ಕೂರಿಸಿಕೊಂಡರು. ಬೆಂಗಳೂರಿನಲ್ಲಿ ಕಿವಿಗೆ ಮಿಷನ್ ಇಟ್ಟು ಸರಿಯಾದ ಪರೀಕ್ಷೆ ಮಾಡುತ್ತಾರೆ, ಅದನ್ನು ಮಾಡಿಸಿಕೊಂಡು ಬನ್ನಿ, ಅಲ್ಲಿಯ ತನಕ ಈ ಸಹಿ ಲೆಕ್ಕಕ್ಕಿಲ್ಲ ಅಂದರು. “ಕನ್ನಡಕ ಹಾಕ್ಕೊಂಡು ಕಣ್ಣು ಕಂಡ್ರೆ ಕಣ್ಣು ಸರಿ ಅಂತ್ಲೇ ಬರೀತೀವಿ. ಕಿವಿಗೂ ಅಂಥದ್ದು ಇದೆ. ಅದು ಹಾಕ್ಕೊಂಡು ನನ್ ಪರೀಕ್ಷೇಲಿ ಕೇಳಿಸಿದ್ರೆ ಸಹಿ ಹಾಕ್ತೀನಿ. ಕೇಳಿಸ್ಲಿಲ್ಲಾಂದ್ರೆ ಇಲ್ಲ. ದಾಖಲಾತಿ ಕೊನೇ ದಿನದವರೆಗೂ ಕಾಯಿರಿ ಅಂತ ಆಫೀಸಿಗೆ ಹೇಳ್ತೀನಿ, ಅಷ್ಟೇ ನನ್ ಕೈಲಾಗೋದು.”

ಬೆಂಗಳೂರಿಗೆ ಹೋದರು. ಗಾಜಿನ ಕೋಣೆಯೊಳಗೆ ಅಕ್ಷತ ಒಬ್ಬಳೇ. ಮುನಿರತ್ನಮ್ಮನಿಗೆ ಯಾರೂ ಹೇಳಲಿಲ್ಲ, ಆದರೂ ಹೊರಗಿನ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಪರೀಕ್ಷೆ ಮಾಡಿದ ಮೇಡಂ ಹೊರಗೆ ಬಂದು ವಿಚಾರಿಸಿದರು. “ಮನೇಲಿ ಜೋರು ಸದ್ದು ಇರುತ್ತಾ ಅಮ್ಮ?”

“ಮಗ್ಗ ಇದೆ ಮೇಡಂ.”

“ಹುಡುಗಿ ಅದರ ಹತ್ರ ಎಷ್ಟು ವರ್ಷದಿಂದ ಇದಾಳೆ?”

ಮುನಿರತ್ನಮ್ಮ ಬಾಯಿ ತೆರೆದಳು. ‘ನನ್ ಮಗ್ಳು ಬಂಗಾರ ಕಣ್ರೀ, ಜೋಗುಳ ಬೇಕಿಲ್ಲ’ ಅನ್ನುವ ಹಳೆಯ ಮಾತು ನಾಲಿಗೆ ತುದಿಗೆ ಬಂದು ಅಲ್ಲೇ ನಿಂತಿತು. ಇಷ್ಟು ದಿನ ಅವಳು ಒಂದು ಸುಳ್ಳಿಗೆ ಹೆದರಿ ಸಾಯುತ್ತಿದ್ದಳು. ಈಗ ಗೊತ್ತಾಯಿತು, ಆ ಸುಳ್ಳು ಬರೀ ಬಾಲ. ತಲೆ ತೊಲೆಗೆ ಕಟ್ಟಿದ ಹಳೇ ಸೀರೆಯಲ್ಲಿತ್ತು.

“ಹುಟ್ಟಿದಾಗಿಂದ” ಅಂದಳು.

ಮೇಡಂ ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಗೊತ್ತಿರಲ್ಲಮ್ಮ ಎಷ್ಟೋ ಜನಕ್ಕೆ. ಹಿಂದಕ್ಕೆ ಬರಲ್ಲ, ಆದ್ರೆ ಮಿಷನ್ ಹಾಕಿದ್ರೆ ಚೆನ್ನಾಗೇ ಕೇಳುತ್ತೆ” ಅಂದರು. ‘ಹಿಂದಕ್ಕೆ ಬರಲ್ಲ’ ಅನ್ನುವ ಎರಡು ಪದ ಹಿಡಿದುಕೊಂಡು ಮುನಿರತ್ನಮ್ಮ ಬಸ್ಸಿನಲ್ಲಿ ದೊಡ್ಡಬಳ್ಳಾಪುರದ ತನಕ ಅತ್ತಳು. ಅಕ್ಷತ ಕಿಟಕಿಯ ಕಡೆ ನೋಡುತ್ತಿದ್ದಳು. ಅಮ್ಮ ಅಳುತ್ತಿರುವುದು ಸೀಟಿನ ಚಿಂತೆಗೆ ಅಂದುಕೊಂಡು ಒಮ್ಮೆ ಕೈ ಹಿಡಿದುಕೊಂಡಳು. ಅದು ಅಮ್ಮನಿಗೆ ಇನ್ನಷ್ಟು ಉರಿಯಿತು.

ಆವತ್ತು ರಾತ್ರಿ ಗಂಡನಿಗೆ ಎಲ್ಲ ಹೇಳಿದಳು. ಗೋವಿಂದರಾಜು, “ತೊಲೆಗೆ ಹಗ್ಗ ಬಿಗಿದೋನು ನಾನೇ ಅಲ್ವಾ ರತ್ನಿ?” ಅಂದ. ಅವನು ಪಾಲು ತೆಗೆದುಕೊಳ್ಳಲು ನೋಡಿದ. ಆದರೆ ಇಂಥದ್ದರಲ್ಲಿ ಪಾಲು ಮಾಡಿದರೆ ಯಾರ ಪಾಲೂ ಕಮ್ಮಿಯಾಗುವುದಿಲ್ಲ.

ಮಿಷನ್ ಬಂತು. ಹುಣಸೆ ಬೀಜದಷ್ಟು ದೊಡ್ಡದು, ಕಿವಿಯ ಹಿಂದೆ ಕೂರುವಂಥದ್ದು. ಡಾಕ್ಟರ್ ಆದಿನಾರಾಯಣಪ್ಪ ಈ ಸಲ ಮುನಿರತ್ನಮ್ಮನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಅವಳು ಕಾರಿಡಾರಿನಲ್ಲಿ ನಿಂತು ಮುನೇಶ್ವರನನ್ನು ಕರೆದಳು, ಈ ಸಲ ನಿಜವಾಗಿ. ಬಾಗಿಲು ತೆರೆದಾಗ ಅಕ್ಷತಳ ಕೈಯಲ್ಲಿ ಸಹಿ ಹಾಕಿದ ಹಾಳೆ ಇತ್ತು. “ಒಂದೂ ತಪ್ಪಿಲ್ಲ” ಅಂದರು ಡಾಕ್ಟರು. “ಮನೇಲಿ ಮಗ್ಗದ ಹತ್ರ ಇದನ್ನ ಹಾಕ್ಕೊಂಡು ಹೋಗ್ಬೇಡ ಮಗು. ಮತ್ತೆ ನೀವಮ್ಮ, ನೀವೂ ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳಿ.”

“ನಂಗ್ಯಾಕೆ ಸ್ವಾಮಿ” ಅಂದಳು ಮುನಿರತ್ನಮ್ಮ. “ನಾನೇನು ಕೋರ್ಸು ಸೇರ್ತೀನಾ?”

ಮನೆಗೆ ಬಂದದ್ದೇ ಅವಳು ಮಗ್ಗ ಹಾಕಿದಳು. ಒಂದು ಸೀರೆ ಅರ್ಧಕ್ಕೆ ನಿಂತಿತ್ತು. ಅಕ್ಷತ ಕೌಂಟರಿನ ಪ್ರಿಯಾಂಕಳಿಗೆ ಫೋನು ಮಾಡಿ, ಆಗಲೇ ಹೊಲಿಸಿಟ್ಟಿದ್ದ ನೀಲಿ ಕೋಟು ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡು, ಅಮ್ಮನಿಗೆ ತೋರಿಸಲು ಹಿಂದಕ್ಕೆ ಓಡಿ ಬಂದಳು. ಡಾಕ್ಟರು ಹೇಳಿದ್ದು ಸಂಭ್ರಮದಲ್ಲಿ ಮರೆತೇಹೋಗಿತ್ತು. ಹೊಸ್ತಿಲು ದಾಟಿದವಳು ಥಟ್ಟನೆ ನಿಂತಳು. ಎರಡೂ ಕೈ ಕಿವಿಗೆ ಹೋಯಿತು. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು, ಹೊಡೆದರೇನೋ ಅನ್ನುವ ಹಾಗೆ. ಆಮೇಲೆ ಕಣ್ಣು ಬಿಟ್ಟು ಮಗ್ಗ ನೋಡಿದಳು, ಲಾಳಿ ನೋಡಿದಳು, ತಲೆಯೆತ್ತಿ ಎರಡು ಮಗ್ಗದ ನಡುವಿನ ತೊಲೆ ನೋಡಿದಳು. ಅಲ್ಲಿ ಹಗ್ಗ ಉಜ್ಜಿದ ಗುರುತು ಇನ್ನೂ ಇದೆ. ಅಮ್ಮನ ಕಡೆ ತಿರುಗಿದಳು.

ಆ ಸದ್ದಿನಲ್ಲಿ ಮುನಿರತ್ನಮ್ಮನಿಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ. ಮಗಳ ತುಟಿ ಅವಳಿಗೆ ಚೆನ್ನಾಗಿ ಗೊತ್ತು.

‘ಅಮ್ಮ, ಇಷ್ಟೊಂದು ಸದ್ದಿತ್ತಾ? ಇದ್ರಲ್ಲಾ ನನ್ನ ಮಲಗಿಸ್ತಿದ್ದೆ?’

ಏನೋ ಎಳೆ ಕಿತ್ತಿತು ಅನ್ನುವ ಹಾಗೆ ಮಗ್ಗದ ಕಡೆ ಬಗ್ಗಿಬಿಡಬಹುದಿತ್ತು. ನೋಡಲೇ ಇಲ್ಲ ಅನ್ನಬಹುದಿತ್ತು. ಮುನಿರತ್ನಮ್ಮ ಕೈ ಚಾಚಿ ಎರಡೂ ಮಗ್ಗದ ಸ್ವಿಚ್ಚು ಆರಿಸಿದಳು. ಸದ್ದು ಪೂರ್ತಿ ನಿಲ್ಲುವ ತನಕ ಕಾದಳು. ಆಮೇಲೆ, ಮಗಳ ಕಿವಿಗೆ ಕೇಳಿಸಲಿ ಅಂತ ಗಟ್ಟಿಯಾಗಿ ಹೇಳಿದಳು.

“ಹೂಂ ಕಣವ್ವ. ಇದ್ರಲ್ಲೇ.”